ಎಡಗಡೆಯ ಸೊನ್ನೆ

2020ರ ಏಪ್ರಿಲ್‌ನ ಒಂದು ಮಧ್ಯಾಹ್ನ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಮನೆಯಲ್ಲಿ ಊಟದ ಮೇಜೇ ನನ್ನ ಆಫೀಸಾಗಿತ್ತು. ಲ್ಯಾಪ್‌ಟಾಪ್ ನೋಡಿ ನೋಡಿ ಕಣ್ಣು ಸೋತು, ಮಗಳ ಗಣಿತದ ಚೌಕುಳಿ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದುಕೊಂಡು, ಎರಡು ಉದ್ದ ಸಾಲುಗಳನ್ನು ಒಂದರ ಕೆಳಗೊಂದು, ಮನೆಗೊಂದು ಅಕ್ಷರದಂತೆ ಬರೆದಿದ್ದೆ. ಮೇಲಿನದು ಹಳೆಯ ಪ್ರೋಗ್ರಾಮು ಕೊಟ್ಟ ಉತ್ತರ, ಕೆಳಗಿನದು ನಾನು ಎಂಟು ತಿಂಗಳು ಕೂತು ಬರೆದ ಹೊಸ ಪ್ರೋಗ್ರಾಮಿನದು. ಎರಡೂ ಒಂದೇ ಇರಬೇಕಿತ್ತು. ಅಪ್ಪ ಚಹಾ ಕಪ್ಪು ಹಿಡಿದು ಹಿಂದೆ ಬಂದು ನಿಂತರು. ಒಂದು ನಿಮಿಷ ನೋಡಿ, "ತಮ್ಮಾ, ಕೆಳಗಿನ್ದು ಎರಡು ಮನಿ ಕಡಿಮಿ ಬಂದದ. ಮ್ಯಾಲಿನ್ದರ ಮುಂದಿನ ಎರಡು ಸೊನ್ನಿ ಎಲ್ಲಿ ಹೋದುವು?" ಅಂದರು.

"ಅವು ಎಡಗಡೆ ಸೊನ್ನಿ ಅಪ್ಪಾ. ಅವಕ್ಕ ಬೆಲಿ ಇಲ್ಲ."

"ಲೆಕ್ಕದಾಗ ಇಲ್ಲ. ಚೆಕ್ ನಂಬರಿನ್ಯಾಗ ಅದ."

ನಾಲ್ಕು ದಿನದಿಂದ ಹುಡುಕುತ್ತಿದ್ದ ತಪ್ಪು ಅಲ್ಲೇ ಇತ್ತು. ಕಲ್ಯಾಣದ ಒಂದು ಬ್ಯಾಂಕ್ ಶಾಖೆಯಲ್ಲಿ ಲೆಡ್ಜರ್ ಬರೆದು ನಿವೃತ್ತರಾದ ಅಪ್ಪನಿಗೆ ಬಿಟ್‌ಕಾಯಿನ್ ಎಂದರೆ ಏನೆಂದು ಗೊತ್ತಿರಲಿಲ್ಲ. ಆದರೆ ಒಂದು ಪುಸ್ತಕದ ಲೆಕ್ಕವನ್ನು ಇನ್ನೊಂದು ಪುಸ್ತಕಕ್ಕೆ ಸಾಗಿಸುವಾಗ ಏನೇನು ಕಳೆದುಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮಾಡುತ್ತಿದ್ದ ಕೆಲಸವೂ ಅದೇ.

ಕೆಲಸ ಶುರುವಾದದ್ದು 2019ರ ಮಳೆಗಾಲದಲ್ಲಿ. ಐರೋಲಿಯ ಒಂದು ಸಣ್ಣ ಕಂಪನಿಯಲ್ಲಿ ನಾವು ಆರು ಜನ ಮೊಬೈಲ್ ಆ್ಯಪ್ ಬರೆಯುತ್ತಿದ್ದೆವು. ಬಿಟ್‌ಕಾಯಿನ್ ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಅದು. ಕೀಲಿಗಳನ್ನು ಹುಟ್ಟಿಸುವ, ವಿಳಾಸ ತಯಾರಿಸುವ, ವಹಿವಾಟಿಗೆ ಸಹಿ ಹಾಕುವ ಭಾಗಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ ಓಪನ್ ಸೋರ್ಸ್ ಲೈಬ್ರರಿಯನ್ನೇ ಬಳಸುತ್ತಿದ್ದೆವು. ಆ್ಯಪ್ ಮಾತ್ರ ಫ್ಲಟರ್‌ನಲ್ಲಿ, ಅಂದರೆ ಡಾರ್ಟ್ ಭಾಷೆಯಲ್ಲಿ. ನಡುವೆ ಕಣ್ಣಿಗೆ ಕಾಣದ ಒಂದು ಬ್ರೌಸರ್ ಕೂರಿಸಿ ಎರಡನ್ನೂ ಮಾತಾಡಿಸುತ್ತಿದ್ದೆವು. ಅಗ್ಗದ ಫೋನುಗಳಲ್ಲಿ ಒಂದು ಸಹಿಗೆ ಎಷ್ಟೋ ಸೆಕೆಂಡು ಕಾಯಬೇಕಿತ್ತು. ಲೈಬ್ರರಿಯನ್ನೇ ಡಾರ್ಟ್‌ಗೆ ಪೋರ್ಟ್ ಮಾಡುತ್ತೇನೆ, ಅಂದರೆ ಆ ಭಾಷೆಯಲ್ಲಿ ಮತ್ತೆ ಬರೆಯುತ್ತೇನೆ, ಎಂದು ನಾನೇ ಮುಂದೆ ಬಂದೆ. ಎಂಐಟಿ ಲೈಸೆನ್ಸ್ ಇದ್ದದ್ದರಿಂದ ಅಡ್ಡಿ ಇರಲಿಲ್ಲ. ಮೂಲ ಲೇಖಕರ ಹಕ್ಕಿನ ಸಾಲುಗಳನ್ನು ಹಾಗೇ ಉಳಿಸಿಕೊಳ್ಳಬೇಕು, ಅಷ್ಟೇ. ಆ ಸಾಲುಗಳನ್ನು ಮೊದಲ ದಿನವೇ ಹೊಸ ಕಡತದ ತಲೆಗೆ ಹಾಕಿಟ್ಟೆ. ಯಾರದೋ ವರ್ಷಗಟ್ಟಲೆ ದುಡಿಮೆಯ ಮೇಲೆ ನಾವು ಮನೆ ಕಟ್ಟುವಾಗ ಅವರ ಹೆಸರು ಬಾಗಿಲ ಮೇಲಿರಬೇಕು.

ಆಗ ಬಹಳ ಜನ ಕೇಳುತ್ತಿದ್ದ ಪ್ರಶ್ನೆ, ಇದೆಲ್ಲ ಕಾನೂನಿಗೆ ಸರಿಯೇ ಎಂದು. ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಹೊರಡಿಸಿದ ಸುತ್ತೋಲೆ, ಇಂಥ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಬಾರದು ಎಂದಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2020ರ ಮಾರ್ಚ್ 4ರಂದು. ನಾವು ಬರೆಯುತ್ತಿದ್ದದ್ದು ಹೊರದೇಶದ ಗ್ರಾಹಕರಿಗೆ. ಆ ನಾಣ್ಯದ ಬೆಲೆ ಏರಿತೋ ಇಳಿಯಿತೋ ನಾನು ನೋಡಿದವನಲ್ಲ. ನನ್ನನ್ನು ಹಿಡಿದಿಟ್ಟದ್ದು ಬೇರೆ: ಇಲ್ಲಿ ಒಂದು ಬೈಟ್ ತಪ್ಪಿದರೆ ಹಣ ಇನ್ಯಾವುದೋ ವಿಳಾಸಕ್ಕೆ ಹೋಗುತ್ತದೆ, ಆ ವಿಳಾಸದ ಕೀಲಿ ಯಾರ ಕೈಯಲ್ಲೂ ಇರುವುದಿಲ್ಲ. ದೂರು ಕೊಡುವುದಕ್ಕೆ ಮ್ಯಾನೇಜರು ಇಲ್ಲ, ಹೆಡ್ ಆಫೀಸು ಇಲ್ಲ.

ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಠಾಣೆಗೆ, ಅಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ಐರೋಲಿಗೆ. ಆಗಿನ್ನೂ ಫಾಸ್ಟ್ ಗಾಡಿಗಳು ಪಾರಸಿಕ ಸುರಂಗದ ಒಳಗಿಂದಲೇ ಹೋಗುತ್ತಿದ್ದವು. ಡೊಂಬಿವಲಿಯ ಗರ್ದಿ ಗೊತ್ತಿರುವವರಿಗೆ ಬೇರೆ ಹೇಳಬೇಕಾಗಿಲ್ಲ. ಕೈ ಮೇಲೆತ್ತಿದರೆ ಇಳಿಸಲು ಜಾಗವಿಲ್ಲ. ಫೋನ್ ನೋಡುವ ಹಾಗಿಲ್ಲದ್ದರಿಂದ ಹಿಂದಿನ ರಾತ್ರಿ ಓದಿದ ಕೋಡನ್ನು ತಲೆಯಲ್ಲೇ ತಿರುವಿ ಹಾಕುತ್ತಿದ್ದೆ. ನಾಲ್ಕು ತಿಂಗಳಲ್ಲಿ ಆ ಜಾವಾಸ್ಕ್ರಿಪ್ಟ್ ಕಡತಗಳು ನನಗೆ ಬಾಯಿಪಾಠವಾಗಿದ್ದವು. ನನ್ನ ಮೊದಲ ದೊಡ್ಡ ತಪ್ಪು ಅಲ್ಲೇ ಇತ್ತು. ಕೋಡ್ ಬಾಯಿಪಾಠವಾದರೆ ಲೈಬ್ರರಿ ಗೊತ್ತಾದಂತೆ ಎಂದುಕೊಂಡಿದ್ದೆ. ಒಂದು ಸಾಲು ಜಾವಾಸ್ಕ್ರಿಪ್ಟ್, ಅದಕ್ಕೊಂದು ಸಾಲು ಡಾರ್ಟ್, ಹೀಗೇ ಸಾಗಿದೆ. ಎರಡೂ ಭಾಷೆಗಳ ಆವರಣ ಚಿಹ್ನೆ, ಸೆಮಿಕೋಲನ್ ಒಂದೇ ಥರ ಇರುವುದರಿಂದ ಕೆಲಸ ಬೇಗ ಬೇಗ ಆಗುತ್ತಿತ್ತು.

ಮೊದಲ ಪೆಟ್ಟು, ಕೊಟ್ಟ ಬೈಟುಗಳನ್ನು ಅರೆದು ಒಂದು ಗುರುತು ಮಾಡಿಕೊಡುವ ಹ್ಯಾಶ್‌ಗಳಲ್ಲಿ. ಬಿಟ್‌ಕಾಯಿನ್ ವಿಳಾಸ ಹುಟ್ಟುವುದು ಸಾರ್ವಜನಿಕ ಕೀಲಿಯನ್ನು ಮೊದಲು ಎಸ್‌ಎಚ್‌ಎ-256ರಲ್ಲಿ, ಆಮೇಲೆ ರೈಪ್‌ಎಮ್‌ಡಿ-160ರಲ್ಲಿ ಅರೆದು. ಎರಡರಲ್ಲೂ ಸಂಖ್ಯೆಗಳನ್ನು 32 ಬಿಟ್‌ಗಳ ಒಂದು ಚಕ್ರದಲ್ಲಿ ತಿರುಗಿಸುತ್ತ ಹೋಗುವುದೇ ಕೆಲಸ. ಜಾವಾಸ್ಕ್ರಿಪ್ಟ್‌ನಲ್ಲಿ ಬಿಟ್ ಚಿಹ್ನೆಗಳನ್ನು ಬಳಸಿದ ಕೂಡಲೇ ಭಾಷೆ ತಾನೇ ಸಂಖ್ಯೆಯನ್ನು 32 ಬಿಟ್‌ಗೆ ಕತ್ತರಿಸಿ ಕೊಡುತ್ತದೆ. ಡಾರ್ಟ್‌ನಲ್ಲಿ, ಫೋನಿನ ಮೇಲೆ, ಸಂಖ್ಯೆ 64 ಬಿಟ್. ಅದು ಕತ್ತರಿಸುವುದಿಲ್ಲ, ಚಕ್ರ ಮೀರಿ ಎಡಕ್ಕೆ ಬೆಳೆಯುತ್ತಲೇ ಹೋಗುತ್ತದೆ. ಜಾವಾಸ್ಕ್ರಿಪ್ಟ್‌ನ ಮೂರು ಬಾಣದ ಚಿಹ್ನೆಯಂತೂ ಆಗಿನ ಡಾರ್ಟ್‌ನಲ್ಲಿ ಇರಲೇ ಇಲ್ಲ, ಬಂದದ್ದು 2021ರ 2.14ನೇ ಆವೃತ್ತಿಗೆ. ಹಾಗಾಗಿ ನನ್ನ ಹ್ಯಾಶ್‌ಗಳು ಒಂದೂ ಬಿಡದಂತೆ ತಪ್ಪಾಗಿದ್ದವು. ಪ್ರತಿ ಹೆಜ್ಜೆಗೂ 32 ಬಿಟ್‌ಗಳನ್ನಷ್ಟೇ ಉಳಿಸುವ ಒಂದು ಜರಡಿ ಹಾಕಿದ ಮೇಲೆ ಸರಿಯಾಯಿತು. ಇದಕ್ಕೆ ಎರಡೇ ದಿನ ಹಿಡಿಯಿತು. ಎಲ್ಲವೂ ತಪ್ಪಾಗುವ ತಪ್ಪು ಒಳ್ಳೆಯ ತಪ್ಪು. ಅದು ತಾನೇ ಕೂಗಿ ಕರೆಯುತ್ತದೆ.

ಎರಡನೆಯದು ಡಿಸೆಂಬರ್‌ನಲ್ಲಿ. ಟೆಸ್ಟ್‌ನೆಟ್ ಎಂದು ಬೆಲೆಯಿಲ್ಲದ ನಾಣ್ಯಗಳ ಒಂದು ಅಭ್ಯಾಸದ ಜಾಲ ಇದೆ, ಅಲ್ಲಿಗೆ ವಹಿವಾಟು ಕಳಿಸುತ್ತಿದ್ದೆ. ಒಂದು ಹೋಗುತ್ತಿತ್ತು, ಒಂದು ವಾಪಸು ಬರುತ್ತಿತ್ತು. ಅದೇ ಕೋಡು, ಅದೇ ಫೋನು. ನೆಟ್‌ವರ್ಕ್ ತೊಂದರೆ ಇರಬೇಕೆಂದು ಒಂದು ವಾರ ಕಳೆದೆ. ಕೊನೆಗೆ ಲೆಕ್ಕ ಇಟ್ಟಾಗ ವಾಪಸು ಬರುವುದು ಹೆಚ್ಚುಕಡಿಮೆ ಅರ್ಧಕ್ಕರ್ಧ ಎಂದು ಕಂಡಿತು.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಸುಮ್ಮನೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ, "ಅರ್ಧ ಅಂದ್ರ ಬಾಜೂ ತಪ್ಪೇದ," ಅಂದರು. ಆಮೇಲೆ ಬಿಡಿಸಿ ಹೇಳಿದರು. ದಿನದ ಕೊನೆಗೆ ಬ್ಯಾಲೆನ್ಸಿಂಗ್ ಮಾಡುವಾಗ ಟ್ಯಾಲಿ ಆಗದಿದ್ದರೆ ಯಾರೂ ಮೊದಲ ಪುಟದಿಂದ ಹುಡುಕುತ್ತ ಹೋಗುತ್ತಿರಲಿಲ್ಲವಂತೆ. ಮೊದಲು ಡಿಫರೆನ್ಸ್ ಎಷ್ಟೆಂದು ನೋಡುವುದು. ಅದರ ಅರ್ಧದಷ್ಟು ಮೊತ್ತದ ಎಂಟ್ರಿ ಎಲ್ಲಾದರೂ ಇದ್ದರೆ, ಜಮೆಯದು ಖರ್ಚಿನ ಕಡೆ ಬಿದ್ದಿದೆ ಎಂದು ಅರ್ಥ. ಡಿಫರೆನ್ಸ್ ಒಂಬತ್ತರಿಂದ ಶೇಷವಿಲ್ಲದೆ ಭಾಗ ಹೋದರೆ ಎಲ್ಲೋ ಅಂಕಿ ಅದಲುಬದಲಾಗಿದೆ, 54 ಬರೆಯುವಲ್ಲಿ 45 ಬಂದಿದೆ. "ಡಿಫರೆನ್ಸೇ ಹೇಳ್ತದ ಎಲ್ಲಿ ಹುಡುಕಬೇಕು ಅಂತ. ಬಾಯಿ ಇರ್ತದ ಅದಕ್ಕ."

ನನ್ನದೂ ಅಕ್ಷರಶಃ ಬಾಜೂ ತಪ್ಪಿದ್ದೇ ಆಗಿತ್ತು. ಬಿಟ್‌ಕಾಯಿನ್ ಸಹಿಯಲ್ಲಿ ಎರಡು ಸಂಖ್ಯೆ ಇರುತ್ತವೆ. ಎರಡನೆಯದನ್ನು ಆ ಗಣಿತದ ಒಟ್ಟು ಸುತ್ತಿನಿಂದ ಕಳೆದು ಬರೆದರೂ ಸಹಿ ಸರಿಯೇ. ಅಂದರೆ ಒಂದು ಸಹಿಗೆ ಎರಡು ರೂಪ, ಒಂದು ಸುತ್ತಿನ ಕೆಳಗಿನ ಅರ್ಧದಲ್ಲಿ, ಒಂದು ಮೇಲಿನ ಅರ್ಧದಲ್ಲಿ. ಇದನ್ನು ಹೀಗೇ ಬಿಟ್ಟರೆ ದಾರಿಯಲ್ಲಿ ಯಾರು ಬೇಕಾದರೂ ಒಂದು ರೂಪವನ್ನು ಇನ್ನೊಂದಕ್ಕೆ ತಿರುಗಿಸಿ ವಹಿವಾಟಿನ ಗುರುತಿನ ಸಂಖ್ಯೆಯನ್ನೇ ಬದಲಿಸಬಹುದು. ಅದಕ್ಕೆ 2015ರಿಂದ ಜಾಲದ ಯಂತ್ರಗಳು ಚಿಕ್ಕ ರೂಪವನ್ನು ಮಾತ್ರ ಮುಂದಕ್ಕೆ ದಾಟಿಸುತ್ತವೆ. ನನ್ನ ಡಾರ್ಟ್ ಸಹಿಗಳಲ್ಲಿ ಅರ್ಧ ದೊಡ್ಡ ರೂಪದಲ್ಲಿ ಹೋಗುತ್ತಿದ್ದವು. ನನ್ನನ್ನು ಕಲಕಿದ್ದು ಇನ್ನೊಂದು ಸಂಗತಿ: ಚಿಕ್ಕದನ್ನೇ ಆರಿಸುವ ಆ ಸಾಲು, ನಾನು ಬಾಯಿಪಾಠ ಮಾಡಿದ್ದ ಯಾವ ಕಡತದಲ್ಲೂ ಇರಲಿಲ್ಲ. ಮೂಲ ಲೈಬ್ರರಿ ಕೆಳಗೆ ನೆಚ್ಚಿಕೊಂಡಿದ್ದ ಇನ್ನೊಂದು ಪ್ಯಾಕೇಜಿನೊಳಗೆ ಅದು ನಡೆಯುತ್ತಿತ್ತು. ನಾನು ಅನುವಾದಿಸಿದ್ದು ಕಣ್ಣಿಗೆ ಬಿದ್ದದ್ದನ್ನು. ಕಾಣದೆ ನಡೆಯುತ್ತಿದ್ದದ್ದನ್ನು ಹಿಂದೆ ಬಿಟ್ಟು ಬಂದಿದ್ದೆ.

ಇದು ನನ್ನೊಬ್ಬನ ಪಾಡಲ್ಲ ಎಂದು ಓದಿದಾಗ ತಿಳಿಯಿತು. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ಜಾಲವೇ ಕೆಲವು ಗಂಟೆ ಎರಡಾಗಿ ಸೀಳಿತ್ತು. ಮುಖ್ಯ ಪ್ರೋಗ್ರಾಮಿನ 0.8ನೇ ಆವೃತ್ತಿಯಲ್ಲಿ ಬರ್ಕ್ಲಿ ಡಿಬಿ ಎಂಬ ಹಳೆಯ ಡೇಟಾಬೇಸ್ ತೆಗೆದು ಲೆವೆಲ್ ಡಿಬಿ ಹಾಕಿದ್ದರು. ಹಳೆಯದರಲ್ಲಿ ಒಂದೇ ಸಲಕ್ಕೆ ಇಷ್ಟೇ ಬೀಗ ಹಾಕಬಹುದು ಎಂಬ ಮಿತಿ ಇತ್ತು. ಅದು ಬಿಟ್‌ಕಾಯಿನ್‌ನ ನಿಯಮ ಎಂದು ಯಾರೂ ಎಲ್ಲೂ ಬರೆದಿರಲಿಲ್ಲ. ದೊಡ್ಡದೊಂದು ಬ್ಲಾಕ್, ಅಂದರೆ ವಹಿವಾಟುಗಳ ಕಂತೆ, ಬಂದಾಗ ಹೊಸ ಆವೃತ್ತಿ ಅದನ್ನು ಒಪ್ಪಿತು, ಹಳೆಯದು ಒಪ್ಪಲಿಲ್ಲ. ಬರೆಯದ ಮಿತಿ ಬರೆದ ನಿಯಮದಷ್ಟೇ ಕೆಲಸ ಮಾಡುತ್ತಿತ್ತು. ಮುಂದೆ 2022ರ ಅಕ್ಟೋಬರ್‌ನಲ್ಲಿ ಗೋ ಭಾಷೆಯ ಬಿಟಿಸಿಡಿ ಎಂಬ ಪ್ರೋಗ್ರಾಮು ಬಳಸುತ್ತಿದ್ದ ಯಂತ್ರಗಳೂ ಹೀಗೇ ಒಂದು ಬ್ಲಾಕಿನ ಮುಂದೆ ನಿಂತುಬಿಟ್ಟವು. 999 ಕೀಲಿಗಳಲ್ಲಿ 998 ಸಹಿ ಬೇಡುವ ವಿಚಿತ್ರ ವಹಿವಾಟೊಂದನ್ನು ಯಾರೋ ಕಳಿಸಿದ್ದರು. ಗೋ ಕೋಡಿನಲ್ಲಿ ಉಳಿದಿದ್ದ ಒಂದು ಗಾತ್ರದ ಮಿತಿ ಅದನ್ನು ಓದಗೊಡಲಿಲ್ಲ. ವರ್ಷಗಟ್ಟಲೆ ಪಳಗಿದ ಕೈಗಳ ಕೆಲಸದಲ್ಲೇ ಹೀಗಾಗುತ್ತದೆ ಎಂದರೆ ನಾನು ಎಷ್ಟು ಎಚ್ಚರದಿಂದಿರಬೇಕಿತ್ತು!

2020ರ ಮಾರ್ಚ್ 22ರ ನಂತರ ಕೊರೋನಾದಿಂದಾಗಿ ಲೋಕಲ್‌ಗಳು ನಿಂತವು. ಡೊಂಬಿವಲಿಯಲ್ಲಿ ಗಾಡಿಯ ಸದ್ದಿಲ್ಲದ ರಾತ್ರಿಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ದಿನಕ್ಕೆ ನಾಲ್ಕು ಗಂಟೆ ಪ್ರಯಾಣ ಉಳಿಯಿತು. ಮನೆಯಲ್ಲಿ ಅಪ್ಪ, ಅವ್ವ, ಹೆಂಡತಿ, ಮಗಳು, ಎಲ್ಲರೂ ಎರಡು ಕೋಣೆಗಳಲ್ಲಿ. ಅಪ್ಪ ಬ್ಯಾಂಕಿಗೆ ಕಂಪ್ಯೂಟರು ಬಂದ ಕಾಲದ ಮಾತು ತೆಗೆದದ್ದು ಆಗಲೇ. ರಂಗರಾಜನ್ ಸಮಿತಿ 1984ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ವರದಿ ಕೊಟ್ಟ ಮೇಲೆ ಶಾಖೆಗಳಿಗೆ ಎ.ಎಲ್.ಪಿ.ಎಂ. ಎಂದು ಕರೆಯುತ್ತಿದ್ದ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಬಂದ ದಿನವೇ ಯಾರೂ ಹಳೆಯ ಲೆಡ್ಜರ್ ಮುಚ್ಚಲಿಲ್ಲ. ತಿಂಗಳುಗಟ್ಟಲೆ ಎರಡೂ ನಡೆದವು: ಒಂದೇ ವೋಚರು, ಒಮ್ಮೆ ಕೈಯಿಂದ ಲೆಡ್ಜರಿಗೆ, ಇನ್ನೊಮ್ಮೆ ಯಂತ್ರಕ್ಕೆ. ಸಂಜೆ ಎರಡರ ಮೊತ್ತ ಕೂಡಬೇಕು. ಕೂಡದೆ ಮನೆಗೆ ಹೋಗುವಂತಿಲ್ಲ. ಎಷ್ಟೋ ದಿನ ಅಪ್ಪ ಕಲ್ಯಾಣದಿಂದ ಕೊನೆಯ ಗಾಡಿಗೆ ಬಂದದ್ದು ನಾನು ಸಣ್ಣವನಿದ್ದಾಗಿನ ನೆನಪು. ಆರಂಕಿಯ ಚೆಕ್ ನಂಬರನ್ನು ಯಂತ್ರದಲ್ಲಿ ಬರೀ ಸಂಖ್ಯೆ ಎಂದು ತುಂಬಿಸಿದಾಗ ಮುಂದಿನ ಸೊನ್ನೆಗಳು ಹಾರಿಹೋಗಿ, ತಡೆಹಿಡಿದ ಚೆಕ್ಕುಗಳ ಪಟ್ಟಿಯಲ್ಲಿ ಹುಡುಕಿದರೆ ಸಿಗದೆ ಪರದಾಡಿದ್ದನ್ನು ಅವರು ಆಗಲೇ ಕಂಡಿದ್ದರು.

ನನ್ನ ಕೈಯಲ್ಲೂ ಹಳೆಯ ಲೆಡ್ಜರ್ ಇತ್ತಲ್ಲ! ಜಾವಾಸ್ಕ್ರಿಪ್ಟ್ ಲೈಬ್ರರಿ ವರ್ಷಗಳಿಂದ ಜನರ ಹಣ ಹೊತ್ತು ನಡೆಯುತ್ತಿತ್ತು. ಒಂದು ಕಡೆ ಅದನ್ನು, ಇನ್ನೊಂದು ಕಡೆ ನನ್ನದನ್ನು ಕೂರಿಸಿ, ಎಲ್ಲ ಕೀಲಿಗಳೂ ಹುಟ್ಟುವ ಮೂಲವಾದ ಒಂದೇ ಬೀಜವನ್ನು ಎರಡಕ್ಕೂ ಕೊಟ್ಟು ಉತ್ತರ ಹೋಲಿಸುವ ಪುಟ್ಟ ಪ್ರೋಗ್ರಾಮು ಬರೆದೆ. ಸಹಿಗಳನ್ನು ಕೂಡ ಹೀಗೆ ಬೈಟಿಗೆ ಬೈಟು ಹೋಲಿಸಲು ಸಾಧ್ಯವಾದದ್ದು ಆರ್‌ಎಫ್‌ಸಿ 6979 ಎಂಬ ದಸ್ತಾವೇಜಿನ ಕ್ರಮದಿಂದ. ಪ್ರತಿ ಸಹಿಗೂ ಒಂದು ಗುಟ್ಟಿನ ಸಂಖ್ಯೆ ಬೇಕು. ಹಿಂದೆ ಅದನ್ನು ಯಾದೃಚ್ಛಿಕವಾಗಿ ಹೆಕ್ಕುತ್ತಿದ್ದರು. 2013ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ ಫೋನುಗಳ ಯಾದೃಚ್ಛಿಕ ಸಂಖ್ಯೆಗಳಲ್ಲಿ ದೋಷವಿದ್ದು ಅದೇ ಸಂಖ್ಯೆ ಮರಳಿ ಬಂದು ಕೆಲವರ ಕೀಲಿಗಳೇ ಬಯಲಾದವು. ಅದೇ ತಿಂಗಳು ಪ್ರಕಟವಾದ ಆ ಕ್ರಮದಲ್ಲಿ ಗುಟ್ಟಿನ ಸಂಖ್ಯೆ ಕೀಲಿಯಿಂದ ಮತ್ತು ಸಂದೇಶದಿಂದಲೇ ಹುಟ್ಟುತ್ತದೆ. ಒಂದೇ ಕೀಲಿ, ಒಂದೇ ಸಂದೇಶ ಎಂದರೆ ಯಾವ ಭಾಷೆಯಲ್ಲಾದರೂ ಒಂದೇ ಸಹಿ ಬರಬೇಕು.

ಹತ್ತು ಸಾವಿರ ಬೀಜ ಹಾಕಿ ರಾತ್ರಿ ಮಲಗಿದೆ. ಬೆಳಿಗ್ಗೆ ನೋಡಿದರೆ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ವಿಳಾಸಗಳು ತಪ್ಪು. ಉಳಿದವೆಲ್ಲ ಸರಿ. ಇದು ನಿಜಕ್ಕೂ ಹೆದರಿಕೆಯ ತಪ್ಪು. ಟೆಸ್ಟ್‌ನೆಟ್‌ನಲ್ಲಿ ನಾನು ಮಾಡಿದ್ದ ಐವತ್ತು ಅರವತ್ತು ಪ್ರಯೋಗದಲ್ಲಿ ಕಾಣಿಸಿರಲಿಲ್ಲ. ಹಾಗೇ ಆ್ಯಪ್ ಹೊರಬಿದ್ದಿದ್ದರೆ ನೂರು ಜನರಲ್ಲಿ ಒಬ್ಬರು, ತಮ್ಮ ಬೀಜವನ್ನು ಬರೆದಿಟ್ಟುಕೊಳ್ಳಲು ವಾಲೆಟ್ ಕೊಡುವ ಹನ್ನೆರಡು ಪದಗಳನ್ನು ಬೇರೆ ಯಾವುದೇ ವಾಲೆಟ್‌ಗೆ ಹಾಕಿದ ದಿನ, ಅಲ್ಲಿ ಖಾಲಿ ಖಾತೆ ನೋಡುತ್ತಿದ್ದರು.

ನೂರಕ್ಕೆ ಒಂದು ಚಿಲ್ಲರೆ ಎಂಬುದಕ್ಕೆ ಬಾಯಿ ಇದ್ದರೆ ಏನು ಹೇಳುತ್ತಿರಬಹುದು? ಒಂದು ಬೈಟಿಗೆ 256 ಬೆಲೆ ಸಾಧ್ಯ. ಖಾಸಗಿ ಕೀಲಿ 32 ಬೈಟು. ಅದರ ಮೊದಲ ಬೈಟು ಸೊನ್ನೆಯಾಗುವ ಸಂಭವ 256ರಲ್ಲಿ ಒಂದು. ವಾಲೆಟ್ ಒಂದು ಬೀಜದಿಂದ ಮೊದಲ ವಿಳಾಸಕ್ಕೆ ಬರುವ ರೂಢಿಯ ದಾರಿಯಲ್ಲಿ ಐದು ಮೆಟ್ಟಿಲು. ಅವುಗಳಲ್ಲಿ ಮೊದಲ ಮೂರು ಮೆಟ್ಟಿಲುಗಳಲ್ಲಿ ಹಿಂದಿನ ಮೆಟ್ಟಿಲಿನ ಖಾಸಗಿ ಕೀಲಿಯನ್ನೇ ಬೈಟುಗಳಾಗಿ ಹ್ಯಾಶ್‌ಗೆ ಕೊಡುತ್ತಾರೆ. ಮೂರು ಸಲ 256ರಲ್ಲಿ ಒಂದು ಅಂದರೆ ನೂರಕ್ಕೆ 1.17. ನನಗೆ ಬಂದದ್ದೂ ಅದಕ್ಕೆ ಹತ್ತಿರ. ಇಷ್ಟು ಲೆಕ್ಕ ಹಾಕಲು ನನಗೆ ನಾಲ್ಕು ದಿನ ಹಿಡಿಯಲಿಲ್ಲ, ಒಂದು ಗಂಟೆಯೂ ಹಿಡಿಯಲಿಲ್ಲ. ಆದರೆ ನಾಲ್ಕು ದಿನದ ಮಟ್ಟಿಗೆ ಆ ಲೆಕ್ಕ ಹಾಕಬೇಕೆಂದೇ ಹೊಳೆದಿರಲಿಲ್ಲ. ಚೌಕುಳಿ ಹಾಳೆ ನೋಡಿ ಅಪ್ಪ ಸೊನ್ನೆ ಕೇಳಿದ ಮೇಲೆ ಎಲ್ಲ ಒಂದರ ಹಿಂದೊಂದು ಬಂದು ಕೂತವು. ಡಾರ್ಟ್‌ನ ಬಿಗ್‌ಇಂಟ್‌ಗೆ ಕೀಲಿ ಎಂದರೆ ಸಂಖ್ಯೆ. ಅದನ್ನು ಮರಳಿ ಬೈಟುಗಳಿಗೆ ತಿರುಗಿಸಲು ನಾನೇ ಬರೆದ ಲೂಪ್, ಸಂಖ್ಯೆ ಮುಗಿದಲ್ಲಿ ನಿಲ್ಲುತ್ತಿತ್ತು. 32 ಬೈಟು ಬರಬೇಕಾದಲ್ಲಿ 31. ಹ್ಯಾಶ್‌ಗೆ ಒಂದು ಬೈಟು ಕಡಿಮೆ ಕೊಟ್ಟರೆ ಉತ್ತರ ಸ್ವಲ್ಪ ಬದಲಾಗುವುದಿಲ್ಲ, ಬೇರೆಯದೇ ಬರುತ್ತದೆ.

ಈ ಗುಂಡಿಯಲ್ಲಿ ನನಗಿಂತ ಮೊದಲೇ ಬಿದ್ದವರಿದ್ದರು. ಕೀಲಿಗಳ ಈ ಮೆಟ್ಟಿಲುಗಳನ್ನು ವಿವರಿಸುವ ಬಿಪ್-32 ಎಂಬ ದಸ್ತಾವೇಜಿನ ಕೊನೆಯಲ್ಲಿ ಪರೀಕ್ಷೆಗೆಂದು ಬೀಜ-ಉತ್ತರಗಳ ಜೋಡಿಗಳನ್ನು ಕೊಟ್ಟಿದ್ದಾರೆ. ಮೂರನೆಯ ಜೋಡಿ ಇರುವುದೇ ಎಡಗಡೆಯ ಸೊನ್ನೆ ಉಳಿಯಿತೇ ಎಂದು ನೋಡಲು. ನಾನು ಅನುವಾದಿಸಿದ ಪರೀಕ್ಷೆಯ ಕಡತದಲ್ಲಿ ಮೊದಲ ಎರಡು ಜೋಡಿ ಮಾತ್ರ ಇದ್ದವು. ಮೂಲ ದಸ್ತಾವೇಜನ್ನು ನಾನು ಕೊನೆಯವರೆಗೆ ಓದಿರಲಿಲ್ಲ. ಪೋರ್ಟ್ ಮಾಡುವವರು ಕೋಡಿಗಿಂತ ಮೊದಲು ಆ ದಸ್ತಾವೇಜುಗಳನ್ನು ಓದಬೇಕು, ಅವುಗಳ ಜೋಡಿಗಳನ್ನು ಮೊದಲು ತಂದಿಟ್ಟುಕೊಂಡು ಆಮೇಲೆ ಒಂದು ಸಾಲು ಬರೆಯಬೇಕು ಎಂದು ನಾನು ಇವತ್ತು ಹೊಸಬರಿಗೆ ಹೇಳುವುದು ಈ ಕಾರಣಕ್ಕೆ.

ಅಪ್ಪನಿಗೆ ಆ ಸಂಜೆ ಇನ್ನೊಂದು ತೋರಿಸಿದೆ. ಬಿಟ್‌ಕಾಯಿನ್‌ನ ಹಳೆಯ ಮಾದರಿಯ ವಿಳಾಸಗಳೆಲ್ಲ 1 ಎಂಬ ಅಂಕಿಯಿಂದ ಶುರುವಾಗುತ್ತವೆ. ವಿಳಾಸದ ಮೊದಲ ಬೈಟು ಸೊನ್ನೆ. ಅದನ್ನು ಅಕ್ಷರಗಳಿಗೆ ತಿರುಗಿಸುವ ಬೇಸ್-58 ಕ್ರಮದಲ್ಲಿ ಎಡಗಡೆಯ ಪ್ರತಿ ಸೊನ್ನೆ ಬೈಟಿಗೂ ಒಂದೊಂದು 1 ಬರೆಯಬೇಕೆಂದು ನಿಯಮ, ಸೊನ್ನೆ ಕಳೆಯಬಾರದೆಂದೇ. ಆ 58 ಅಕ್ಷರಗಳಲ್ಲಿ ಸೊನ್ನೆಯಂತೆ ಕಾಣುವ ದೊಡ್ಡ ಓ, ಒಂದರಂತೆ ಕಾಣುವ ಚಿಕ್ಕ ಎಲ್, ಇವನ್ನು ಕೈಬಿಟ್ಟಿದ್ದಾರೆ. ಕೈಯಿಂದ ಬರೆದುಕೊಳ್ಳುವವರ ಕಣ್ಣು ಮೋಸ ಹೋಗದಿರಲಿ ಎಂದು. "ಯಾರೋ ಲೆಡ್ಜರ್ ಬರದವ್ರೇ ಮಾಡ್ಯಾರ ಇದನ್ನ," ಎಂದರು ಅಪ್ಪ.

ಆಗಸ್ಟ್‌ನಲ್ಲಿ ಹನ್ನೆರಡು ಪದಗಳ ಭಾಗಕ್ಕೆ ಬಂದೆ. ಬಿಪ್-39ರ ಪ್ರಕಾರ 128 ಬಿಟ್‌ಗಳ ಗುಟ್ಟಿಗೆ ನಾಲ್ಕು ಬಿಟ್ ತಾಳೆ ಸೇರಿಸಿ 132 ಮಾಡಿ, ಹನ್ನೊಂದು ಹನ್ನೊಂದಾಗಿ ಕತ್ತರಿಸಿದರೆ ಹನ್ನೆರಡು ತುಂಡು. ಪ್ರತಿ ತುಂಡಿಗೂ 2048 ಪದಗಳ ಪಟ್ಟಿಯಿಂದ ಒಂದು ಪದ. ಇಂಗ್ಲಿಷ್, ಜಪಾನಿ, ಕೊರಿಯನ್, ಚೀನೀ, ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಎಲ್ಲ ಪಟ್ಟಿಗಳಿವೆ, ಕನ್ನಡದ್ದಿಲ್ಲ. ಆದರೆ ಪದಗಳ ಜೊತೆಗೆ ನಮ್ಮದೇ ಒಂದು ಗುಪ್ತಪದವನ್ನು ಯಾವ ಲಿಪಿಯಲ್ಲಾದರೂ ಸೇರಿಸಬಹುದು. ಕನ್ನಡದಲ್ಲಿ ಹಾಕಿ ನೋಡೋಣ ಅನ್ನಿಸಿತು. ಅಪ್ಪ "ಕಲ್ಯಾಣ" ಎಂದರು. ಎರಡೂ ಪ್ರೋಗ್ರಾಮು ಒಂದೇ ಉತ್ತರ ಕೊಟ್ಟವು. ನಾನು "ಠಾಣೆ" ಹಾಕಿದೆ, ಒಂದೇ ಉತ್ತರ. ಅವ್ವ ಒಳಗಿನಿಂದಲೇ, "ಇರೂ ಊರು ಬಿಟ್ಟು ಎಲ್ಲಾ ಊರ ಹಾಕ್ತೀರಿ," ಅಂದಳು. "ಡೊಂಬಿವಲಿ" ಹಾಕಿದೆ. ಉತ್ತರ ಬೇರೆ ಬೇರೆ ಬಂದವು.

ಕಲ್ಯಾಣ, ಠಾಣೆ ಕೂಡುತ್ತವೆ, ಡೊಂಬಿವಲಿ ಕೂಡುವುದಿಲ್ಲ. ಆ ಊರಿನ ಹೆಸರಲ್ಲಿ ಏನಿದೆ? ಅಕ್ಷರ ಅಕ್ಷರ ಬಿಡಿಸಿದಾಗ ಸಿಕ್ಕಿದ್ದು ಮೊದಲನೆಯದರಲ್ಲೇ. "ಡೊ" ಎಂಬುದರಲ್ಲಿರುವ ಒ-ಕಾರದ ಗುರುತಿಗೆ ಯೂನಿಕೋಡ್‌ನಲ್ಲಿ ತನ್ನದೇ ಒಂದು ಸಂಕೇತ ಇದೆ. ಅದನ್ನೇ ಎ-ಕಾರದ ಗುರುತು, ಅದರ ಪಕ್ಕ ಊ-ಕಾರದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಸ್ಲೇಟಿನ ಮೇಲೆ ಕಾಗುಣಿತ ತಿದ್ದಿದವರಿಗೆ ಇದು ಹೊಸತಲ್ಲ. ಕೊ ಬರೆಯುವಾಗ ಮೊದಲು ಕೆ ಮಾಡಿ ಪಕ್ಕಕ್ಕೆ ಕೊಂಬಿನ ದೀರ್ಘ ಎಳೆಯುವುದನ್ನೇ ನಾವೆಲ್ಲ ಕಲಿತದ್ದು. ಕಣ್ಣಿಗೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ. ಬಿಪ್-39 ಇದಕ್ಕಾಗಿಯೇ ಗುಪ್ತಪದವನ್ನು ಎನ್‌ಎಫ್‌ಕೆಡಿ ಎಂಬ ಕ್ರಮದಲ್ಲಿ ಬಿಡಿಸಿಕೊಳ್ಳಬೇಕು ಎನ್ನುತ್ತದೆ. ಫೋನಿನ ಕೀಲಿಮಣೆಯಿಂದ ಬಂದ "ಡೊಂಬಿವಲಿ" ಎಂಟು ಸಂಕೇತ, 24 ಬೈಟು. ಬಿಡಿಸಿದ ಮೇಲೆ ಒಂಬತ್ತು ಸಂಕೇತ, 27 ಬೈಟು. ಜಾವಾಸ್ಕ್ರಿಪ್ಟ್‌ನಲ್ಲಿ ಹೀಗೆ ಬಿಡಿಸುವ ಸೌಕರ್ಯ ಭಾಷೆಯ ಒಳಗೇ ಇದೆ, ಒಂದು ಸಣ್ಣ ಕರೆ ಸಾಕು. ಡಾರ್ಟ್‌ನ ಮೂಲದಲ್ಲಿ ಇಲ್ಲ, ಹೊರಗಿನ ಪ್ಯಾಕೇಜು ತರಬೇಕು. ನಾನು ಆ ಕರೆಯನ್ನು ಇಂಗ್ಲಿಷ್ ಪದಗಳಿಗೆ ಬೇಕಿಲ್ಲ, ಆಮೇಲೆ ನೋಡೋಣ ಎಂದು ಬಿಟ್ಟು ಮರೆತಿದ್ದೆ. ಕಲ್ಯಾಣದಲ್ಲಿ, ಠಾಣೆಯಲ್ಲಿ ಬಿಡಿಸಿದರೂ ಬದಲಾಗುವ ಅಕ್ಷರ ಒಂದೂ ಇಲ್ಲ, ಅದಕ್ಕೆ ಅವು ಕೂಡಿದವು.

ಈ ತಪ್ಪು ನನಗೆ ಬೇರೆ ಎಲ್ಲಕ್ಕಿಂತ ಹೆಚ್ಚು ತಟ್ಟಿತು. ಕೀ, ಕೇ, ಕೈ, ಕೊ, ಕೋ, ಈ ಐದೂ ಗುರುತುಗಳು ಹೀಗೆ ಬಿಡಿಬಿಡಿಯಾಗುವಂಥವು. ಕನ್ನಡದಲ್ಲಿ ಇವಿಲ್ಲದೆ ನಾಲ್ಕು ಮಾತು ಆಡಲಾಗದು. ಬೇರೆಯವರು ಕನ್ನಡವನ್ನು ಮರೆತರೆ ನಾವು ಬೇಸರಪಡುತ್ತೇವೆ. ಇಲ್ಲಿ ಮರೆತವನು ನಾನೇ.

ಇನ್ನೊಂದು ಪಾಠ ಕರೆಂಟಿನಿಂದ ಬಂತು. ಅಕ್ಟೋಬರ್ ಹೊತ್ತಿಗೆ ಐರೋಲಿಯ ಆಫೀಸಿನ ಯಂತ್ರವೊಂದರಲ್ಲಿ ಹೋಲಿಕೆ ಹಗಲಿರುಳು ಓಡುತ್ತಿತ್ತು, ನಾನು ಮನೆಯಿಂದ ನೋಡುತ್ತಿದ್ದೆ. 12ನೇ ತಾರೀಕು ಬೆಳಿಗ್ಗೆ ಪರದೆಯ ಮೇಲೆ ಒಂದು ವ್ಯತ್ಯಾಸ ಬಂದದ್ದು ಕಂಡಿತು. ಸಹಿಯಲ್ಲಿ, ಲಕ್ಷಗಟ್ಟಲೆಯಲ್ಲಿ ಒಂದು. ತೆರೆದು ನೋಡುವಷ್ಟರಲ್ಲಿ ಸಂಪರ್ಕ ಕಡಿಯಿತು. ಕಳವಾ–ಪಡಘಾ ವಿದ್ಯುತ್ ಮಾರ್ಗ ಕೈಕೊಟ್ಟು ಮುಂಬಯಿ, ಠಾಣೆ, ನವಿ ಮುಂಬಯಿಗಳೆಲ್ಲ ಕತ್ತಲಾದ ದಿನ ಅದು. ಸಂಜೆ ಯಂತ್ರ ಮತ್ತೆ ಎದ್ದಾಗ ಆ ಬೀಜ ಎಲ್ಲೂ ಇರಲಿಲ್ಲ. ಉತ್ತರಗಳನ್ನು ಬರೆದಿಡುತ್ತಿದ್ದೆನೇ ಹೊರತು ಪ್ರಶ್ನೆಯನ್ನು ಬರೆದಿಟ್ಟಿರಲಿಲ್ಲ. "ವೋಚರ್ ಇಲ್ಲದ ಎಂಟ್ರಿ ಹ್ಯಾಂಗ್ ಮಾಡಿದಿ?" ಎಂದು ಅಪ್ಪ ಕೇಳಿದರು, ನಿಜವಾಗಿ ಬೇಸರದಿಂದ. ಅಂದಿನಿಂದ ಬೀಜ ಮೊದಲು ಡಿಸ್ಕಿಗೆ ಬೀಳುತ್ತದೆ, ಹೋಲಿಕೆ ಆಮೇಲೆ. ಆ ತಪ್ಪು ಮತ್ತೆ ಸಿಗಲು ಹನ್ನೆರಡು ದಿನ ಕಾದೆ. ಅದೂ ಸೊನ್ನೆಯದೇ ಕಥೆ: ಸಹಿಯ ಸಂಖ್ಯೆಯ ಎಡಗಡೆಯಲ್ಲಿ ಒಟ್ಟಿಗೆ ಎರಡು ಸೊನ್ನೆ ಬೈಟು ಬಂದು, ಮುಂದಿನ ಬೈಟೂ ದೊಡ್ಡದಿದ್ದಾಗ ಮಾತ್ರ ಹೊರಬರುವ ತಪ್ಪು. ಇಲ್ಲಿ ವಿಚಿತ್ರವೆಂದರೆ ಸಹಿಯನ್ನು ಬರೆಯುವ ಡಿಇಆರ್ ಕ್ರಮ ಬೇಡದ ಸೊನ್ನೆಗಳನ್ನು ತೆಗೆಯಬೇಕು ಎನ್ನುತ್ತದೆ, ಒಂದನ್ನು ಮಾತ್ರ ಕೆಲವೊಮ್ಮೆ ಉಳಿಸಬೇಕು ಎನ್ನುತ್ತದೆ. ಕೀಲಿಯಲ್ಲಿ ಸೊನ್ನೆ ಉಳಿಸಲು ಕಲಿತವನು ಇಲ್ಲಿ ಹೆಚ್ಚು ಉಳಿಸಿಬಿಟ್ಟಿದ್ದೆ.

ನವೆಂಬರ್‌ನಲ್ಲಿ ಲೈಬ್ರರಿಯನ್ನು ಅದೇ ಎಂಐಟಿ ಲೈಸೆನ್ಸಿನಲ್ಲಿ ಹೊರಗೆ ಬಿಟ್ಟೆವು. ಒಂದು ಭಾಗವನ್ನು ಮುಂದಿನ ವರ್ಷ ನಾನೇ ಕಿತ್ತುಹಾಕಿದೆ. ಸಹಿಯ ಗಣಿತವನ್ನು ಡಾರ್ಟ್‌ನಲ್ಲಿ ಬರೆಯಲೇಬಾರದಿತ್ತು. ಬಿಗ್‌ಇಂಟ್ ಲೆಕ್ಕಕ್ಕೆ ಸಂಖ್ಯೆಗೆ ತಕ್ಕಂತೆ ಹೊತ್ತು ಹೆಚ್ಚುಕಡಿಮೆಯಾಗುತ್ತದೆ, ಆ ಹೊತ್ತನ್ನು ಅಳೆದೇ ಕೀಲಿಯ ಸುಳಿವು ಹಿಡಿಯುವವರಿದ್ದಾರೆ. ಬಿಟ್‌ಕಾಯಿನ್ ಕೋರ್‌ನವರು ಸಿ ಭಾಷೆಯಲ್ಲಿ ಬರೆದು ವರ್ಷಗಳಿಂದ ತಿದ್ದುತ್ತಿರುವ ಲಿಬ್‌ಸೆಕ್‌ಪಿ256ಕೆ1 ಇದೆ. 2021ರಲ್ಲಿ ಡಾರ್ಟ್‌ನಿಂದ ಸಿ ಕೋಡನ್ನು ನೇರ ಕರೆಯುವ ಸೌಕರ್ಯ ಪಕ್ಕಾ ಆದ ಮೇಲೆ ಸಹಿಯ ಕೆಲಸವನ್ನು ಅದಕ್ಕೇ ಒಪ್ಪಿಸಿದೆ. ಎಂಟು ನೂರು ಸಾಲು ಅಳಿಸುವಾಗ ನೋವಾಯಿತು, ಅಳಿಸಿದೆ.

ಕಳೆದ ವರ್ಷ ಯಾರೋ ಒಬ್ಬರು ನಮ್ಮ ಡಾರ್ಟ್ ಕೋಡನ್ನು ಕೋಟ್ಲಿನ್‌ಗೆ ಪೋರ್ಟ್ ಮಾಡುತ್ತ ಪತ್ರ ಬರೆದಿದ್ದರು. ಎಲ್ಲ ಪರೀಕ್ಷೆ ಪಾಸಾಗುತ್ತಿವೆ, ನಿಮ್ಮ ಪರೀಕ್ಷೆಯ ಕಡತದ 41ನೇ ಸಾಲು ಮಾತ್ರ ಫೇಲ್. ಅದರಲ್ಲಿ ಯಾವುದೋ ಗೊತ್ತಿಲ್ಲದ ಲಿಪಿಯ ಪದ ಇದೆ, ತೆಗೆದುಬಿಡಬಹುದೇ ಎಂದು. ತೆಗೆಯಬೇಡಿ ಎಂದು ಅವತ್ತೇ ಉತ್ತರ ಬರೆದೆ. ಅದು ನಾನಿರುವ ಊರಿನ ಹೆಸರು, ಅದರ ಮೊದಲ ಅಕ್ಷರವನ್ನು ಹೇಗೆ ಬಿಡಿಸುತ್ತಾರೆ, 24 ಹೇಗೆ 27 ಆಗುತ್ತದೆ, ಕೋಟ್ಲಿನ್ ಬಳಸಿಕೊಳ್ಳುವ ಜಾವಾದಲ್ಲಿ ಅದಕ್ಕೆ ಯಾವ ಕರೆ ಇದೆ ಎಂದೆಲ್ಲ ವಿವರಿಸಿದೆ. ಎರಡು ದಿನ ಬಿಟ್ಟು ಮರುಪತ್ರ ಬಂತು: ಪಾಸ್ ಆಯಿತು, ಸಾಲು ಉಳಿಸಿಕೊಂಡಿದ್ದೇನೆ. ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ತಾವೇ ಒಮ್ಮೆ ಓದಿ, ಕೆಳಗೆ ತಾರೀಕು ಇದೆಯೇ ಎಂದು ನೋಡಿದರು.